ಕೈಯಲ್ಲಿ ಏನೂ ಇರಲಿಲ್ಲ

ಆ ಮಳೆಗಾಲದಲ್ಲಿ ನನಗೆ ಮೊದಲು ಅನುಮಾನ ಬಂದದ್ದು ಒಂದು ನೇರಳೆ ಬಣ್ಣದ ವೆಲ್ವೆಟ್ ಬಟ್ಟೆಯ ಮೇಲೆ.

ಕುಶಾಲನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಟೈಲರಿಂಗ್ ಮಾಡುತ್ತೇನೆ. ಮದುವೆ ಬ್ಲೌಸು, ಚೂಡಿದಾರ, ಶಾಲೆ ಯೂನಿಫಾರಂ, ಸೀರೆಗೆ ಫಾಲ್, ಬಂದದ್ದನ್ನೆಲ್ಲ ಹೊಲಿಯುತ್ತೇನೆ. ಆ ವೆಲ್ವೆಟ್ ಪೀಸನ್ನು ಕತ್ತರಿಸುವಾಗಲೇ ಬೆರಳಿಗೆ ಬಣ್ಣ ಹಿಡಿದಿತ್ತು. ಮಾರನೆಯ ದಿನ ಬೆರಳುಗಳ ಪಕ್ಕದಲ್ಲಿ ಸಣ್ಣ ಗುಳ್ಳೆಗಳು ಕಂಡವು. ನೆನೆಸಿದ ಸಬ್ಬಕ್ಕಿಯನ್ನು ಚರ್ಮದ ಒಳಗೆ ತುರುಕಿಟ್ಟ ಹಾಗೆ. ಮೇಲೆ ಉಬ್ಬಿರಲಿಲ್ಲ, ಒಳಗೇ ಕೂತಿದ್ದವು. ತುರಿಕೆ ಅಂದರೆ ಸಾಧಾರಣ ತುರಿಕೆಯಲ್ಲ. ಮೆಷಿನ್ನಿನ ಅಂಚಿಗೆ ಬೆರಳು ಉಜ್ಜಿಕೊಂಡು ಉಜ್ಜಿಕೊಂಡು ಆ ಅಂಚೇ ನುಣ್ಣಗಾಯಿತೇನೋ. ಬಣ್ಣ ಕೆಟ್ಟದ್ದು ಅಂದುಕೊಂಡು ಆ ಬ್ಲೌಸನ್ನು ಬೇಗ ಮುಗಿಸಿ ಕಳಿಸಿದೆ. ಬಟ್ಟೆ ಹೋಯಿತು, ಗುಳ್ಳೆ ಹೋಗಲಿಲ್ಲ. ಬಲಗೈಯಿಂದ ಎಡಗೈಗೂ ಬಂತು. ಎರಡೂ ಕೈಯಲ್ಲಿ ಒಂದೇ ಥರ, ಒಂದೇ ಜಾಗದಲ್ಲಿ. ಅಳತೆ ತೆಗೆದು ಹಾಕಿದ ಹಾಗೆ.

ಆ ಕೋಣೆಯಲ್ಲಿ ನಾನೊಬ್ಬಳೇ ಇರಲಿಲ್ಲ. ಆರಿ ಕೆಲಸ ಮಾಡುವ ಒಬ್ಬಳು ನನ್ನ ಜೊತೆ ಕೋಣೆ ಹಂಚಿಕೊಂಡಿದ್ದಳು. ಬ್ಲೌಸಿನ ತೋಳಿಗೆ, ಬೆನ್ನಿಗೆ ಮಣಿ, ಜರಿ, ಕಲ್ಲು ಕೂರಿಸುವ ಕೆಲಸ ಅದು. ನಾನು ಹೊಲಿದದ್ದಕ್ಕೆ ಅವಳ ಕೆಲಸ ಸೇರಿದರೆ ಮದುಮಗಳ ಬ್ಲೌಸು. ಅವಳ ಮನೆಯವರು ನೆಲ್ಯಹುದಿಕೇರಿ ಕಡೆಯ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ ಇದ್ದವರು, ಮನೆಮಾತು ಮಲಯಾಳ. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಿದ್ದಳು. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ನಾವಿಬ್ಬರೂ ಬರಿಗಾಲಲ್ಲೇ ಇರುತ್ತಿದ್ದೆವು, ಬೆಲೆಬಾಳುವ ಬಟ್ಟೆ ನೆಲಕ್ಕೆ ತಾಗುತ್ತದಲ್ಲ. ನಾನು ಮೆಷಿನ್ನಿನಲ್ಲಿ, ಅವಳು ನೆಲದ ಚಾಪೆಯ ಮೇಲೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿದುಕೊಂಡು. ಮಾತಿಗೆ ಮಾತು, ಊಟಕ್ಕೆ ಊಟ. ಅವಳು ತಂದ ಮೀನು ಸಾರು, ನಾನು ತಂದ ಎಳೆಬಿದಿರಿನ ಕಣಿಲೆ ಪಲ್ಯ.

ಬಟ್ಟೆಯ ಮೇಲಿನ ಅನುಮಾನ ಮುಗಿದ ಮೇಲೆ ನನ್ನ ಕಣ್ಣು ಬಿದ್ದದ್ದು ಅವಳ ಗಮ್ಮಿನ ಮೇಲೆ. ಕಲ್ಲು ಅಂಟಿಸಲು ಅವಳು ಹೊಸದೊಂದು ಗಮ್ಮು ತಂದಿದ್ದಳು. ತೆರೆದರೆ ಕೋಣೆಯೆಲ್ಲ ಘಾಟು. ಅವಳು ಅಂಟಿಸಿದ ಬಟ್ಟೆಯನ್ನೇ ತಾನೇ ನಾನು ಮತ್ತೆ ಹಿಡಿದು ಲೈನಿಂಗ್ ಜೋಡಿಸುವುದು? ಅವಳು ಟೀ ತರಲು ಕೆಳಗೆ ಹೋದಾಗ ಆ ಟ್ಯೂಬ್ ಎತ್ತಿ ಮೂಸಿ ನೋಡಿದೆ. ಅದರ ಮೇಲೆ ಬರೆದದ್ದನ್ನು ಓದಲು ನೋಡಿದೆ, ಅಕ್ಷರ ಇರುವೆಯಷ್ಟು. ಅವಳು ಮೆಟ್ಟಿಲು ಹತ್ತುವ ಸದ್ದಾದ ಕೂಡಲೇ ಇದ್ದಲ್ಲೇ ಇಟ್ಟೆ. ಆಮೇಲೆ ತಡೆಯಲಾಗದೆ ಕೇಳಿಯೇಬಿಟ್ಟೆ.

"ಈ ಗಮ್ಮು ಎಲ್ಲಿಂದ ತಂದದ್ದು ನೀನು?"

"ಮೈಸೂರಿಂದ ತರಿಸಿದ್ದು. ಯಾಕಕ್ಕ?"

"ಇದು ಬಂದ ಮೇಲೇ ನನ್ನ ಕೈ ಹೀಗಾದದ್ದು."

ಅವಳು ಸೂಜಿ ಕೆಳಗಿಟ್ಟಳು. ಎರಡೂ ಕೈ ಮುಂದೆ ಚಾಚಿ ತಿರುಗಿಸಿ ತಿರುಗಿಸಿ ತೋರಿಸಿದಳು. "ದಿನಾ ಮುಟ್ಟುವುದು ನಾನಲ್ವಾ ಅಕ್ಕ? ನನ್ನ ಕೈ ನೋಡಿ. ಎಂಥ ಉಂಟು ಇದರಲ್ಲಿ?"

ಏನೂ ಇರಲಿಲ್ಲ. ನಯವಾದ ಕೈ, ಉಗುರಿನ ಬದಿಯಲ್ಲಿ ಸ್ವಲ್ಪ ಗಮ್ಮಿನ ಕಲೆ ಅಷ್ಟೆ. ಆದರೆ ಅದರಿಂದ ನನ್ನ ಗುಮಾನಿ ಕಡಿಮೆಯಾಗಲಿಲ್ಲ. ಅವಳಿಗೆ ಮಾತ್ರ ಯಾಕೆ ಏನೂ ಆಗಿಲ್ಲ ಅನ್ನುವುದೇ ಒಂದು ಹೊಸ ಪ್ರಶ್ನೆಯಾಗಿ ತಲೆಯಲ್ಲಿ ಕೂತಿತು.

ಮನೆಯಲ್ಲಿ ನಮ್ಮವರು ಕೈ ಹಿಡಿದು ನೋಡಿ, "ಅದ್ ಎಂಥದೂ ಇಲ್ಲೆ" ಅಂದು ಬಿಟ್ಟರು. ನಮ್ಮ ಮನೆಮಾತು ಅರೆಭಾಷೆ. ಅವರು ಪಕ್ಕದ ಎಸ್ಟೇಟಿನಲ್ಲಿ ರೈಟರ್. ಕೆಲಸದವರ ಹಿಂದೆ ಬೆಳಗಿಂದ ಸಂಜೆವರೆಗೆ ತೋಟದಲ್ಲಿ ಓಡಾಡುವವರು. ಅವರಿಗೆ ಮೈಮೇಲೆ ಬಂದದ್ದೆಲ್ಲ ಒಂದೋ ಜಿಗಣೆ, ಇಲ್ಲದಿದ್ದರೆ ಅಲರ್ಜಿ. ನನಗೆ ಮಾತ್ರ ಬಾವಿ ನೀರಿನ ಮೇಲೂ ಅನುಮಾನ ಬಂತು. ನಮ್ಮ ಕೆಳಗಿನ ಗದ್ದೆಯನ್ನು ಹೊರಗಿನವರು ಶುಂಠಿಗೆ ಗುತ್ತಿಗೆ ಹಿಡಿದಿದ್ದರು. ಅವರು ಹೊಡೆಯುವ ಔಷಧಿಯ ವಾಸನೆ ಗಾಳಿ ತಿರುಗಿದರೆ ಅಡುಗೆಮನೆಗೆ ಬರುತ್ತಿತ್ತು. ಪಾತ್ರೆ ತೊಳೆಯುವಾಗ ನೀರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಸೋಪು ಬದಲಿಸಿದೆ. ತಲೆಗೆ ಹಾಕುವ ಎಣ್ಣೆ ಬದಲಿಸಿದೆ. ಉಂಗುರ ತೆಗೆದಿಟ್ಟೆ. ಬದನೆಕಾಯಿ ಬಿಟ್ಟೆ, ಒಣಮೀನು ಬಿಟ್ಟೆ. ಗುಳ್ಳೆಗಳು ಒಡೆದು ಚರ್ಮ ಸುಲಿದು, ಪಕ್ಕದಲ್ಲಿ ಹೊಸವು ಎದ್ದವು. ರೇಷ್ಮೆ ಬಟ್ಟೆ ಹಿಡಿದರೆ ಸುಲಿದ ಚರ್ಮಕ್ಕೆ ಎಳೆ ಸಿಕ್ಕಿಕೊಂಡು ಕಿರಿಕಿರಿ.

ಹೀಗಿರುವಾಗ ಒಂದು ದಿನ ಟ್ರಯಲ್ ನೋಡುವ ಕನ್ನಡಿಯಲ್ಲಿ ಜೊತೆಗಾತಿಯನ್ನು ನೋಡಿದೆ. ನಾನು ಬೆನ್ನು ತಿರುಗಿಸಿ ಬಟ್ಟೆ ಮಡಚುತ್ತಿದ್ದೆ. ಅವಳಿಗೆ ಕತ್ತರಿ ಬೇಕಾಗಿತ್ತು, ನಾನು ಬಳಸುವ ಕತ್ತರಿ. ಬ್ಯಾಗಿನಿಂದ ಸ್ಯಾನಿಟೈಸರ್ ತೆಗೆದು, ಚೂರು ಬಟ್ಟೆಗೆ ಹಾಕಿ, ಹಿಡಿಕೆಯನ್ನು ಒಳಗೆ ಹೊರಗೆ ಚೆನ್ನಾಗಿ ಒರೆಸಿದಳು. ಒರೆಸಿದ ಚೂರನ್ನು ನಮ್ಮ ಕಸದ ಡಬ್ಬಕ್ಕೆ ಹಾಕದೆ ಕಿಟಕಿಯಿಂದ ಹೊರಗೆ ಎಸೆದಳು. ನಾನು ನೋಡದವಳ ಹಾಗೆ ಮಡಚುತ್ತಲೇ ಇದ್ದೆ. ಆಮೇಲಿಂದ ಎಲ್ಲವೂ ಕಣ್ಣಿಗೆ ಬೀಳತೊಡಗಿತು. ಅವಳು ಟೀಗೆ ತನ್ನದೇ ಸ್ಟೀಲ್ ಲೋಟ ತರುತ್ತಿದ್ದಳು. ಕೈ ಒರೆಸುವ ಟವಲು ಬೇರೆ ಮೊಳೆಗೆ ಹೋಗಿತ್ತು. ನನ್ನ ಡಬ್ಬಿಯ ಪಲ್ಯಕ್ಕೆ "ಇವತ್ತು ಹೊಟ್ಟೆ ಸರಿಯಿಲ್ಲ ಅಕ್ಕ" ಅನ್ನುವುದು ಹೆಚ್ಚಾಯಿತು. ಅವಳ ಮನೆಯಲ್ಲಿ ಸಣ್ಣ ಮಗಳಿದ್ದಾಳೆ, ಹೆದರಿಕೆ ಇರುತ್ತದೆ ಅಂತ ನನಗೂ ತಿಳಿಯುತ್ತಿತ್ತು. ತಿಳಿದರೂ ಉರಿಯುತ್ತಿತ್ತು.

ಆಷಾಢ ಕಳೆದ ಮೇಲೆ ಮಗಳ ಮದುವೆ ಇಟ್ಟುಕೊಂಡಿದ್ದ ಒಬ್ಬರು ಹೆಂಗಸು ಬಂದರು. ನಮ್ಮ ಹಳೆಯ ಗಿರಾಕಿ. ಮದುಮಗಳ ಬ್ಲೌಸು, ಅತ್ತಿಗೆ ನಾದಿನಿಯರ ಬ್ಲೌಸು, ಎಲ್ಲ ಕೆಲಸ ನಮಗೇ ಅಂದಿದ್ದವರು. ನಾನು ಟೇಪು ಹಿಡಿದು ಹುಡುಗಿಯ ತೋಳಿನ ಅಳತೆಗೆ ಕೈ ಚಾಚಿದೆ. ತಾಯಿ ನನ್ನ ಬೆರಳು ನೋಡಿದರು. ನೋಡಿದ್ದು ಒಂದು ಕ್ಷಣ.

"ಅಳತೆ ಯಾಕೆ ಸುಮ್ಮನೆ, ಹಳೇ ಬ್ಲೌಸು ಕೊಡ್ತೇನಲ್ಲ. ಅದನ್ನ ನೋಡಿಯೇ ಹೊಲೀರಿ" ಅಂದರು. ಹುಡುಗಿ ತೋಳು ಹಿಂದಕ್ಕೆ ತೆಗೆದುಕೊಂಡಳು.

ಮಾರನೆಯ ವಾರ ಆ ಮನೆಯಿಂದ ಒಬ್ಬರು ಆಟೋದವರು ಬಂದು, ಸೀರೆಯ ಬಣ್ಣ ಬದಲಾಯಿಸುತ್ತಾರಂತೆ ಅಂತ ಹೇಳಿ ಬಟ್ಟೆಯ ಚೀಲ ವಾಪಸು ತೆಗೆದುಕೊಂಡು ಹೋದರು. ಸೀರೆ ಬದಲಾಗಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಒಂದು ಕ್ಷಣ ಬೆರಳು ನೋಡಿದ್ದಕ್ಕೇ ಇಷ್ಟಾಯಿತಾ? ಇಲ್ಲ, ಯಾರೋ ಅವರಿಗೆ ಹೇಳಿದ್ದಾರೆ ಅನಿಸಿತು. ಅಳತೆಗೆ ಬಂದ ದಿನ ತಾಯಿ ಮಗಳು ಮೆಟ್ಟಿಲು ಇಳಿಯುವಾಗ ಜೊತೆಗಾತಿ ಡಿಸೈನ್ ತೋರಿಸುವ ನೆಪದಲ್ಲಿ ಕೆಳಗಿನವರೆಗೂ ಹೋಗಿದ್ದಳು. ಬರುವಾಗ ಮುಖ ನೋಡಲಿಲ್ಲ.

ಮೆಡಿಕಲ್ ಶಾಪಿನವರು ಕೊಟ್ಟ ಒಂದು ಟ್ಯೂಬ್ ನನ್ನ ಬಳಿ ಮೊದಲೇ ಇತ್ತು. ಪ್ರತಿ ಮಳೆಗಾಲ ಕಾಲ್ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಕಡಿಯುತ್ತಿತ್ತು. ಕೆಸರುಹುಣ್ಣು ಅನ್ನುತ್ತೇವೆ. ಅದಕ್ಕೆ ಅಂತ ತಂದದ್ದು. ಹಚ್ಚಿದರೆ ತುರಿಕೆ ಅಲ್ಲಿಂದಲ್ಲಿಗೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಅದನ್ನು ಯಾರೂ ಕಾಯಿಲೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮಳೆಯ ಜೊತೆ ಬರುವಂಥದ್ದು. ಅದೇ ಟ್ಯೂಬನ್ನು ಕೈಗೂ ಹಚ್ಚಿದೆ. ಕೆಲವು ದಿನ ಆರಾಮ ಅನಿಸಿತು. ಆಮೇಲೆ ಗುಳ್ಳೆಗಳು ಇನ್ನೂ ಜೋರಾಗಿ ಬಂದವು. ಅಂಗೈಯ ನಡುವಿಗೂ ಇಳಿದವು. ಸೂಜಿಗೆ ದಾರ ಪೋಣಿಸಲಾಗದೆ ಕಣ್ಣಲ್ಲಿ ನೀರು ಬಂದ ದಿನ, ಮಡಿಕೇರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸುವುದು ಅಂತ ತೀರ್ಮಾನ ಮಾಡಿದೆ.

ಡಾಕ್ಟರು ಹುಡುಗಿಯ ಹಾಗೆ ಕಾಣುವ ಹೆಂಗಸು. ನನ್ನ ಕೈಗಳನ್ನು ಬೆಳಕಿಗೆ ಹಿಡಿದು, ಬೆರಳು ಅಗಲಿಸಿ, ಮಡಚಿ ನೋಡಿದರು. ನಾನು ಗಮ್ಮಿನ ವಿಷಯ, ನೇರಳೆ ಬಟ್ಟೆಯ ವಿಷಯ, ಶುಂಠಿ ಔಷಧಿಯ ವಿಷಯ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿಸಿಕೊಂಡು, "ಚಪ್ಪಲಿ ತೆಗೀರಿ, ಕಾಲು ನೋಡ್ಬೇಕು" ಅಂದರು.

ನನಗೆ ಸಿಟ್ಟು ಬಂತು. "ಕಾಲಿಗೆ ಏನಾಗಿಲ್ಲ ಡಾಕ್ಟ್ರೇ. ಕೈ ತೋರಿಸ್ಲಿಕ್ಕೆ ಬಂದದ್ದು ನಾನು."

"ಗೊತ್ತಾಯ್ತು. ಕಾಲೂ ತೋರಿಸಿ."

ಕಾಲ್ಬೆರಳ ಸಂದಿ ಬಿಡಿಸಿ ನೋಡಿ, ಹೂಂ ಅಂದರು. ಅಲ್ಲಿಂದ ಸ್ವಲ್ಪ ಸಿಪ್ಪೆ ಕೆರೆದು ಒಂದು ಗಾಜಿನ ಚೂರಿನ ಮೇಲೆ ಹಾಕಿದರು. ಕೈಯಿಂದಲೂ ಕೆರೆದು ಇನ್ನೊಂದರ ಮೇಲೆ. ಎರಡಕ್ಕೂ ಏನೋ ಒಂದು ದ್ರವ ಬಿಟ್ಟು ಹೊರಗೆ ಕೂರಲು ಹೇಳಿದರು. ಹೊರಗೆ ಕೂತು ನಾನು ಅಂದುಕೊಂಡದ್ದು, ಇವರಿಗೆ ಏನೂ ತಿಳಿಯಲಿಲ್ಲ, ಅದಕ್ಕೇ ಕಾಲು ಕೈ ಅಂತ ಹೊತ್ತು ಕಳೆಯುತ್ತಿದ್ದಾರೆ ಅಂತ.

ಕರೆದು, ಮೈಕ್ರೋಸ್ಕೋಪಿನಲ್ಲಿ ನನಗೇ ನೋಡಲು ಹೇಳಿದರು. ಕಾಲಿನದರಲ್ಲಿ ತೆಳ್ಳನೆಯ ಎಳೆಗಳು ಕವಲೊಡೆದುಕೊಂಡು ಅಡ್ಡಾದಿಡ್ಡಿ ಬಿದ್ದಿದ್ದವು. "ಅದೇ ಫಂಗಸ್" ಅಂದರು. ಕೈಯದರಲ್ಲಿ ಎಷ್ಟು ನೋಡಿದರೂ ಅಂಥದ್ದಿಲ್ಲ.

"ನಿಮ್ಮ ಕೈಯಲ್ಲಿ ಏನೂ ಇಲ್ಲ" ಅಂದರು ಡಾಕ್ಟರು.

"ಏನೂ ಇಲ್ವಾ? ಹಾಗಾದ್ರೆ ಇದೆಲ್ಲ ಏನು?"

ಅವರು ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. ಕಾಲಿನ ಫಂಗಸ್ಸು ಚರ್ಮದ ಮೇಲಿನ ಸತ್ತ ಪದರವನ್ನು ತಿಂದುಕೊಂಡು ಇರುತ್ತದಂತೆ, ಒಳಗೆ ಇಳಿಯುವುದಿಲ್ಲ. ಆದರೆ ಆ ಪದರವನ್ನು ಕರಗಿಸಲು ಅದು ಕೆಲವು ಪ್ರೋಟೀನುಗಳನ್ನು ಬಿಡುತ್ತದೆ, ಅವು ಒಳಗೆ ಇಳಿಯುತ್ತವೆ. ಚರ್ಮದಲ್ಲಿ ಕಾವಲಿಗೆ ಅಂತಲೇ ಇರುವ ಜೀವಕೋಶಗಳು ಆ ಪ್ರೋಟೀನಿನ ಚೂರುಗಳನ್ನು ಹಿಡಿದು, ತೊಡೆಸಂದಿಯ ಗಂಟುಗಳವರೆಗೆ ಹೊತ್ತುಕೊಂಡು ಹೋಗಿ, ಅಲ್ಲಿರುವ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಒಮ್ಮೆ ಗುರುತು ಸಿಕ್ಕಿದ ಮೇಲೆ ಆ ರಕ್ತಕಣಗಳು ಮೈಯೆಲ್ಲ ಸುತ್ತುತ್ತವೆ. ಎಲ್ಲಿ ಆ ಗುರುತು ಕಂಡರೂ, ಕಂಡ ಹಾಗೆ ಅನಿಸಿದರೂ, ಅಲ್ಲಿ ಉರಿ ಎಬ್ಬಿಸುತ್ತವೆ. ನನ್ನ ಕೈಯಲ್ಲಿ ಎದ್ದದ್ದು ಆ ಉರಿ.

"ಕೈಗೇ ಯಾಕೆ? ಕಾಯಿಲೆ ಕಾಲಲ್ಲಿ ಅಂದ್ರಿ. ಅಲ್ಲೇ ಬರ್ಬೇಕಲ್ಲ?"

"ರಕ್ತದಲ್ಲಿ ಆ ಪ್ರೋಟೀನಿನ ಚೂರು ಕೈವರೆಗೂ ಬಂದಿರಬಹುದು ಅಂತ ಹೇಳ್ತಾರೆ. ಆದರೆ ಕೈಗೇ ಯಾಕೆ ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲ."

ಅವರು ಹಾಗೆ ಒಪ್ಪಿಕೊಂಡದ್ದನ್ನು ಈಗ ನೆನೆದರೆ ಗೌರವ ಬರುತ್ತದೆ. ಆವತ್ತು ಬಂದದ್ದು ಅನುಮಾನ. ಗೊತ್ತಿಲ್ಲದವರು ಔಷಧಿ ಹೇಗೆ ಕೊಡುತ್ತಾರೆ?

ನನ್ನ ಟ್ಯೂಬ್ ತೋರಿಸಿದಾಗ ಅವರ ಮುಖ ಬಿಗಿಯಾಯಿತು. "ಇದರಲ್ಲಿ ಸ್ಟೀರಾಯ್ಡ್ ಉಂಟು. ಕಾವಲಿನವರನ್ನ ಮಲಗಿಸುತ್ತೆ ಇದು. ತುರಿಕೆ ನಿಲ್ಲುತ್ತೆ, ನಿಮಗೆ ಗುಣ ಆಯ್ತು ಅನಿಸುತ್ತೆ. ಅಷ್ಟರಲ್ಲಿ ಫಂಗಸ್ಸು ಹಾಯಾಗಿ ಬೆಳೀತದೆ. ಕಾಲಿಗೆ ಇದನ್ನ ಇನ್ನು ಮುಟ್ಟಿಸ್ಬೇಡಿ." ನುಂಗಲು ಮಾತ್ರೆ, ಕಾಲಿಗೆ ಹಚ್ಚಲು ಬೇರೆ ಮುಲಾಮು ಬರೆದರು. ಕೈಗೆ ಬರೀ ತೆಂಗಿನೆಣ್ಣೆಯಂಥದ್ದೊಂದು. ಇನ್ನೂ ಏನೋ ಹೇಳಿದರು, ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ನನ್ನ ತಲೆ ಇನ್ನೂ "ಕೈಯಲ್ಲಿ ಏನೂ ಇಲ್ಲ" ಅನ್ನುವ ಮಾತಿನಲ್ಲೇ ಇತ್ತು.

ಅಂಗಡಿಗೆ ಬಂದು ಜೊತೆಗಾತಿಗೆ ಹೇಳಿದೆ. "ಇದು ಅಂಟುವುದಿಲ್ಲವಂತೆ. ಕೈಯಲ್ಲಿ ಫಂಗಸ್ಸೇ ಇಲ್ಲ. ಕಾಲಿನದ್ದಕ್ಕೆ ಕೈ ಹೀಗಾಗಿದೆಯಂತೆ."

ಅವಳು ನನ್ನ ಮುಖ ನೋಡಿದಳು. ನಾನೇ ಡಾಕ್ಟರನ್ನು ನಂಬಿರಲಿಲ್ಲ, ಅವಳು ನನ್ನನ್ನು ಹೇಗೆ ನಂಬುತ್ತಾಳೆ? "ಹೌದಾ ಅಕ್ಕ" ಅಂದಳು. ಲೋಟ ಮಾತ್ರ ಬ್ಯಾಗಿನಲ್ಲೇ ಉಳಿಯಿತು.

ಮಾತ್ರೆ ಶುರು ಮಾಡಿದ ವಾರದೊಳಗೆ ಕಾಲ್ಬೆರಳ ಕಡಿತ ತಗ್ಗಿತು. ಕೈ ಮಾತ್ರ ಉರಿದೆದ್ದಿತು. ಹೊಸ ಗುಳ್ಳೆಗಳು ಒಂದರ ಪಕ್ಕ ಒಂದು, ಕೆಲವು ಸೇರಿ ದೊಡ್ಡದಾಗಿ ನೀರು ತುಂಬಿಕೊಂಡವು. ಮುಂಗೈವರೆಗೆ ಬಂತು. ಅಕ್ಕಿ ತೊಳೆಯಲು ಆಗಲಿಲ್ಲ, ನಮ್ಮವರೇ ಅಡುಗೆ ಮಾಡಿದರು. ಇದು ಔಷಧಿಯೇ ಮಾಡಿದ್ದು, ಡಾಕ್ಟರಿಗೆ ಕಾಯಿಲೆಯೇ ತಿಳಿದಿಲ್ಲ ಅಂತ ನನಗೆ ಖಚಿತವಾಯಿತು. ಮಾತ್ರೆ ನಿಲ್ಲಿಸಿದೆ.

ಅದೇ ದಿನಗಳಲ್ಲಿ ಅವಳು ಹೋದಳು. ಬೆಳಿಗ್ಗೆ ನಾನು ಬಾಗಿಲು ತೆರೆಯುವಷ್ಟರಲ್ಲಿ ಅವಳ ಗಂಡ ಬಂದು ಮೆಟ್ಟಿಲಲ್ಲಿ ನಿಂತಿದ್ದ. ಚೌಕಟ್ಟು, ಮಣಿ ಡಬ್ಬಗಳು, ಸ್ಟೂಲು ಎಲ್ಲ ಇಳಿಸಿದರು. ಎದುರು ಸಾಲಿನಲ್ಲಿ ಒಂದು ಸಣ್ಣ ಕೋಣೆ ಸಿಕ್ಕಿದೆ, ಗಂಡನಿಗೂ ಅಲ್ಲೇ ಮೊಬೈಲ್ ರಿಪೇರಿ ಇಡಬಹುದು ಅಂತ ಹೇಳಿದಳು. ಒಪ್ಪುವಂಥ ಕಾರಣವೇ. ಆದರೂ ಹೇಳುವಾಗ ಅವಳ ಕಣ್ಣು ನನ್ನ ಕೈಯ ಮೇಲೆ ಇತ್ತು, ನಾನು ಕೈಯನ್ನು ಸೆರಗಿನ ಒಳಗೆ ಇಟ್ಟುಕೊಂಡೆ. ಚಾಪೆ ಬಿಟ್ಟು ಹೋದಳು. ಬೇಕೆಂದೇ ಬಿಟ್ಟದ್ದು ಅಂತ ನನಗೆ ಅನಿಸಿತು.

ಡಾಕ್ಟರ ಹತ್ತಿರ ಎರಡನೆಯ ಸಲ ಹೋದದ್ದು ಜಗಳ ಮಾಡಲು. ಕೈ ಮೇಜಿನ ಮೇಲಿಟ್ಟು, "ನೋಡಿ, ನಿಮ್ಮ ಮಾತ್ರೆ ಮಾಡಿದ್ದು" ಅಂದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಕೆಲವರಿಗೆ ಮೊದಲು ಜಾಸ್ತಿ ಆಗಬಹುದು ಅಂತ ಹೇಳಿದ್ದೆ ನಿಮಗೆ."

"ಹೇಳಿಲ್ಲ."

"ಹೇಳಿದ್ದೆ. ನೀವು ಆವಾಗ ಕಿಟಕಿ ಕಡೆ ನೋಡ್ತಿದ್ರಿ."

ಫಂಗಸ್ಸು ಔಷಧಿಗೆ ಸಾಯುವಾಗ ಒಡೆದು ಅದರೊಳಗಿನ ಪ್ರೋಟೀನು ಒಮ್ಮೆಲೇ ಹೊರಗೆ ಬರುತ್ತದಂತೆ. ಮೊದಲೇ ಕೆರಳಿ ಕೂತಿದ್ದ ನನ್ನ ರಕ್ತಕಣಗಳಿಗೆ ಅಷ್ಟು ಸಾಕಂತೆ. ಹಾಗಾಗಿ ಕೈ ಉಲ್ಬಣಿಸಿದ್ದು ಔಷಧಿ ತಪ್ಪಾದದ್ದಕ್ಕಲ್ಲ, ಸರಿಯಾಗಿ ತಾಗಿದ್ದಕ್ಕೆ. ಮಾತ್ರೆ ಮತ್ತೆ ಶುರು ಮಾಡಬೇಕು ಅಂದರು. ಕೈಗೆ ಕೆಲವು ದಿನಕ್ಕೆ ಒಂದು ಮುಲಾಮು ಬರೆದರು. ಅದರಲ್ಲಿ ಏನಿದೆ ಅಂತ ಕೇಳಿದೆ.

"ಸ್ಟೀರಾಯ್ಡ್."

ನಾನು ಅವರನ್ನೇ ದಿಟ್ಟಿಸಿದೆ. "ಮೊನ್ನೆ ಅದಕ್ಕೇ ಅಲ್ವಾ ನನಗೆ ಬೈದದ್ದು?"

ಅವರು ನಕ್ಕುಬಿಟ್ಟರು. "ಕೈಯಲ್ಲಿ ಫಂಗಸ್ಸಿಲ್ಲ, ಬರೀ ಕಾವಲಿನವರ ಗಲಾಟೆ. ಅಲ್ಲಿ ಅವರನ್ನ ಸ್ವಲ್ಪ ಸುಮ್ಮನಿರಿಸಬಹುದು. ಕಾಲಲ್ಲಿ ಅವರ ಕೆಲಸ ಉಂಟು, ಅಲ್ಲಿ ಮಲಗಿಸಬಾರದು." ಆಮೇಲೆ ಕೇಳಿದರು, "ಮನೇಲಿ ಬೇರೆ ಯಾರಿಗೆ ಉಂಟು?"

"ಯಾರಿಗೂ ಇಲ್ಲ."

"ಕಾಲು ನೋಡಿದ್ದೀರಾ?"

ನೋಡಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡನ ಅಂಗಾಲನ್ನು ಯಾರು ನೋಡುತ್ತಾರೆ? ಮನೆಗೆ ಬಂದವಳೇ ಜಗಲಿಯಲ್ಲಿ ಅವರನ್ನು ಕೂರಿಸಿ ಕಾಲು ಎತ್ತಿಸಿದೆ. ಅಂಗಾಲೆಲ್ಲ ಒಣಗಿ, ದಪ್ಪಗಾಗಿ, ಗೆರೆಗಳಲ್ಲಿ ಬಿಳಿ ಹೊಟ್ಟು. ಹೆಬ್ಬೆರಳ ಉಗುರು ಹಳದಿಯಾಗಿ ಪುಡಿಯಾಗುತ್ತಿತ್ತು.

"ಇದು ಯಾವಾಗಿಂದ?"

ಕಡಿಯುವುದಿಲ್ಲ, ನೋಯುವುದಿಲ್ಲ, ತೋಟದಲ್ಲಿ ನಡೆಯುವ ಎಲ್ಲರ ಕಾಲೂ ಹೀಗೇ ಇರುತ್ತದೆ ಅಂತ ಅವರ ವಾದ. ಕೊಟ್ಟಿಗೆ ಬಾಗಿಲಲ್ಲಿ ಇರುತ್ತಿದ್ದ ಅವರ ಹಳೆಯ ಗಂಬೂಟು ನೆನಪಾಯಿತು. ನನ್ನದು ಹರಿದ ಮೇಲೆ ಹುಲ್ಲು ತರಲು, ಹಸುವಿಗೆ ಹಾಕಲು ನಾನೂ ಅದನ್ನೇ ಹಾಕುತ್ತಿದ್ದೆ. ಒಳಗೆ ಯಾವಾಗಲೂ ಹಸಿ. ಗಮ್ಮು, ಬಟ್ಟೆ, ಬಾವಿ ಅಂತ ಊರೆಲ್ಲ ಹುಡುಕಿದ್ದೆನಲ್ಲ! ಬೂಟನ್ನು ಅಂಗಳದ ತುದಿಗೆ ಎಸೆದೆ. ಅವರು ಹೋಗಿ ಎತ್ತಿಕೊಂಡು ಬಂದರು.

ಬೇಡ ಬೇಡ ಅಂದರೂ ಮುಂದಿನ ಸಲ ಎಳೆದುಕೊಂಡು ಹೋದೆ. ಡಾಕ್ಟರು ಕೆರೆದು ನೋಡಿದರು. ಅದೇ ಎಳೆಗಳು. ಇವರಿಗೆ ಇಷ್ಟು ವರ್ಷ ಇದ್ದೂ ತುರಿಕೆಯೇ ಇಲ್ಲ, ನನಗೆ ಕೈಯೆಲ್ಲ ಹೀಗೆ, ಇದು ಯಾವ ನ್ಯಾಯ ಅಂತ ಕೇಳಿದೆ.

"ಇವರ ದೇಹ ಅದರ ಜೊತೆ ರಾಜಿ ಮಾಡಿಕೊಂಡಿದೆ. ಗುರುತು ಹಿಡಿದರೂ ಗಲಾಟೆ ಮಾಡಲ್ಲ. ಅದಕ್ಕೇ ಫಂಗಸ್ಸೂ ಬಿಟ್ಟು ಹೋಗಿಲ್ಲ. ನಿಮ್ಮದು ಒಪ್ಪಿಕೊಂಡಿಲ್ಲ, ಎಲ್ಲಿ ಇಲ್ಲವೋ ಅಲ್ಲೂ ಹುಡುಕ್ತಾ ಇದೆ."

ನಮ್ಮವರು ತಲೆಯಾಡಿಸಿ, "ಮನೇಲೂ ಹಾಗೇ ಡಾಕ್ಟ್ರೇ" ಅಂದರು. ನಾನು ಅವರ ಕಡೆ ನೋಡಲಿಲ್ಲ.

ಮಾತ್ರೆ ಪೂರ್ತಿ ನುಂಗಿದೆ, ಅವರಿಗೂ ನುಂಗಿಸಿದೆ. ಗಂಬೂಟಿಗೆ ಪುಡಿ ಹಾಕಿ ಬಿಸಿಲು ಕಂಡಾಗೆಲ್ಲ ಒಣಗಿಸಿದೆವು. ಕೈಯ ಚರ್ಮ ಹಾಳೆ ಹಾಳೆಯಾಗಿ ಸುಲಿದು, ಕೆಳಗಿನಿಂದ ತೆಳ್ಳನೆಯ ಗುಲಾಬಿ ಚರ್ಮ ಬಂತು. ಬೆರಳಿನ ಪಕ್ಕವನ್ನು ಒತ್ತಿ ಒತ್ತಿ ನೋಡುತ್ತಿದ್ದೆ, ಒಳಗೆ ಏನಾದರೂ ಕೂತಿದೆಯೇನೋ ಅಂತ. ಕೂತಿರಲಿಲ್ಲ. ಗಿರಾಕಿಗಳು ಒಬ್ಬೊಬ್ಬರೇ ಬಂದರು. ಆ ಮದುವೆಯವರು ಬರಲಿಲ್ಲ.

ಎದುರು ಸಾಲಿನವಳು ಒಂದು ಮಧ್ಯಾಹ್ನ ಬಂದಳು. ಆರಿ ಮಾಡಿದ ಒಂದು ಬ್ಲೌಸು ಹಿಡಿದುಕೊಂಡಿದ್ದಳು. ಹೊಲಿಯಲು ಕೊಟ್ಟ ಬೇರೆ ಟೈಲರು ತೋಳು ಕೆಡಿಸಿದ್ದರಂತೆ, ಬಿಚ್ಚಿ ಸರಿ ಮಾಡಿಕೊಡಬೇಕಿತ್ತು. ಬಾಗಿಲಲ್ಲಿ ನಿಂತೇ ಮೊದಲು ನನ್ನ ಕೈ ನೋಡಿದಳು. ನಾನು ಎರಡೂ ಕೈ ತಿರುಗಿಸಿ ತೋರಿಸಿದೆ.

"ಗುಣ ಆಯ್ತಲ್ಲ ಅಕ್ಕ!"

"ಆಯಿತು. ಒಂದು ಕೇಳ್ತೇನೆ, ನಿಜ ಹೇಳು. ಆ ಮದುವೆಯವರಿಗೆ ನನ್ನ ಕೈ ವಿಷಯ ಹೇಳಿದ್ದು ನೀನಾ?"

ಅವಳು ಬ್ಲೌಸನ್ನು ಮೆಷಿನ್ನಿನ ಮೇಲಿಟ್ಟಳು. "ಅವರೇ ಕೇಳಿದ್ದು. ಅಂಟುತ್ತದಾ ಅಂತ. ಗೊತ್ತಿಲ್ಲ ಅಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ."

ಗೊತ್ತಿಲ್ಲ ಅನ್ನುವ ಮಾತಿನಲ್ಲಿ ಸುಳ್ಳಿಲ್ಲ. ಅಷ್ಟು ಹೇಳಿದರೆ ಸಾಕು ಅಂತಲೂ ಅವಳಿಗೆ ಗೊತ್ತಿತ್ತು. ನಾನು ತೋಳು ಬಿಚ್ಚತೊಡಗಿದೆ. ಅವಳು ಹೋಗಲಿಲ್ಲ. ಏನೋ ಹೇಳಲು ಇದೆ ಅನಿಸಿತು.

"ಮಗಳ ಸೊಂಟದಲ್ಲಿ ಹುಳುಕಡ್ಡಿ ಎದ್ದಿದೆ ಅಕ್ಕ. ಉಂಗುರದ ಹಾಗೆ. ನಿಮ್ಮ ಕೈಯಿಂದ..." ಅಂದು ಅರ್ಧಕ್ಕೇ ನಿಲ್ಲಿಸಿದಳು.

"ಕೈಯದ್ದು ಅಂಟುವುದಿಲ್ಲ ಅಂತ ಆವತ್ತೇ ಹೇಳಿದ್ದೇನೆ" ಅಂದೆ. ಹೇಳುವಾಗಲೇ ಚಾಪೆ ನೆನಪಾಯಿತು. ಅವಳು ದಿನವಿಡೀ ಕೂರುತ್ತಿದ್ದ ಚಾಪೆ. ಅದರ ಮೇಲೆ ನಾನು ಬರಿಗಾಲಲ್ಲಿ ಓಡಾಡುತ್ತಿದ್ದೆ. ಕೈಯದ್ದು ಅಂಟುವುದಿಲ್ಲ. ಕಾಲಿನದ್ದು ಅಂಟುತ್ತದೆ ಅಂತ ಡಾಕ್ಟರು ಹೇಳಿದ್ದರು.

"ನಿನ್ನ ಕಾಲು ತೋರಿಸು" ಅಂದೆ.

"ನನ್ನ ಕಾಲಿಗೆ ಏನಾಗಿಲ್ಲ." ಕಾಲನ್ನು ಚೂಡಿದಾರದ ಪ್ಯಾಂಟಿನ ಒಳಗೆ ಎಳೆದುಕೊಂಡಳು. ನಾನು ಡಾಕ್ಟರಿಗೆ ಹೇಳಿದ ಮಾತನ್ನೇ ಅವಳೂ ಹೇಳಿದ್ದಳು. ಒತ್ತಾಯ ಮಾಡಿದ ಮೇಲೆ ತೋರಿಸಿದಳು. ಕಿರುಬೆರಳ ಸಂದಿ ಬೆಳ್ಳಗೆ ನೆನೆದ ಹಾಗಿತ್ತು. ಲೈನಿನಲ್ಲಿ ಇದ್ದಾಗಿಂದಲೂ ಮಳೆಗಾಲದಲ್ಲಿ ಬರುತ್ತಿತ್ತು, ಅಲ್ಲಿ ಎಲ್ಲರಿಗೂ ಒಂದೇ ಬಚ್ಚಲು, ಈ ಸಲ ಹೋಗಿಲ್ಲ ಅಂದಳು. ಲೈನಿನಲ್ಲಿ ಇದ್ದಾಗಿಂದಲೂ ಅಂದದ್ದನ್ನು ನಾನು ಗಟ್ಟಿಯಾಗಿ ಮನಸ್ಸಿನಲ್ಲಿ ಹಿಡಿದುಕೊಂಡೆ.

ಮುಂದಿನ ವಾರ ಇಬ್ಬರೂ ಮಗುವನ್ನು ಕರೆದುಕೊಂಡು ಮಡಿಕೇರಿಗೆ ಹೋದೆವು. ಹೋಗುವಾಗ ನಮ್ಮವರ ಕಾಲಿನ, ಗಂಬೂಟಿನ ವಿಷಯ ಅವಳಿಗೆ ಹೇಳಿದೆ. ಡಾಕ್ಟರು ತಾಯಿಗೂ ಮಗುವಿಗೂ ನೋಡಿ ಔಷಧಿ ಬರೆದರು. ಹೊರಡುವಾಗ ಅವಳು ಮೆಲ್ಲಗೆ ಕೇಳಿದಳು, "ಇದು ಯಾರಿಂದ ಯಾರಿಗೆ ಬಂದದ್ದು ಅಂತ ಹೇಳ್ಬಹುದಾ ಡಾಕ್ಟ್ರೇ?"

ನಾನೂ ಕಿವಿ ನಿಮಿರಿಸಿ ನಿಂತೆ.

"ಅದನ್ನ ಹೇಳ್ಲಿಕ್ಕಾಗಲ್ಲ" ಅಂದರು ಡಾಕ್ಟರು. "ಎಲ್ಲರೂ ಔಷಧಿ ಮುಗಿಸಿ, ಅಷ್ಟೆ."

ವಾಪಸು ಬರುವ ಬಸ್ಸಿನಲ್ಲಿ ಮಗು ನಮ್ಮಿಬ್ಬರ ನಡುವೆ ಕೂತು ನಿದ್ದೆಹೋಯಿತು. ಸುಂಟಿಕೊಪ್ಪದಲ್ಲಿ ಬಸ್ಸು ನಿಂತಾಗ ಅವಳು ಕಿಟಕಿಯಿಂದ ಬಿಸಿ ನೆಲಗಡಲೆ ಕೊಂಡು, ಪೊಟ್ಟಣ ಬಿಚ್ಚಿ ನನ್ನ ಕಡೆ ಹಿಡಿದಳು. ನಾನು ಒಂದು ಹಿಡಿ ತೆಗೆದುಕೊಂಡೆ, ಅವಳೂ ತೆಗೆದುಕೊಂಡಳು. ಅವಳು ನನ್ನ ಗಂಡನ ಬೂಟನ್ನು ನೆನೆಯುತ್ತಿದ್ದಾಳೆ ಅಂತ ನನಗೆ ಅನಿಸಿತು. ನಾನು ಲೈನಿನ ಬಚ್ಚಲನ್ನು ನೆನೆಯುತ್ತಿದ್ದೆ. ಕಡಲೆ ಚೆನ್ನಾಗಿ ಹುರಿದಿತ್ತು.